ಬಿಡಿಸಿ ಬರೆಯಿರಿ: ನಾಡಹಿತ

ಗುರು ಸಾಂತಯ್ಯನವರಿಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ ಎಂದು ಊರವರು ಹೇಳುತ್ತಿದ್ದರು. ಅದು ಸುಳ್ಳು. ಕಾರಣ ಬೇಕೇ ಬೇಕಿತ್ತು. ಅದನ್ನು ದಿನಕ್ಕೊಬ್ಬರು ತಂದುಕೊಡುತ್ತಿದ್ದರು, ಅಷ್ಟೇ.

ಹೊಳೆದಂಡೆಯ ಮೇಲೆ ಅವರದೊಂದು ಆಶ್ರಮ. ಕಲಿಸುತ್ತಿದ್ದದ್ದು ವ್ಯಾಕರಣ. ಹೊಳೆಯ ಈಚೆ ದಡ ಒಬ್ಬ ರಾಜನದು, ಆಚೆ ದಡ ಇನ್ನೊಬ್ಬನದು. ಆಶ್ರಮದ ಕೆಳಗೇ ಕಡವು, ಅಂದರೆ ಜನ ಹೊಳೆ ದಾಟುವ ಜಾಗ.

ಆ ಶುಕ್ರವಾರದ ಸಿಟ್ಟಿಗೆ ಕಾರಣ ತಂದವನು ರೇಚ.

ರೇಚ ಅವರ ಹಳೆಯ ಶಿಷ್ಯ. ಮೂರು ವರ್ಷ ಕಲಿತಿದ್ದ. ನಾಲ್ಕನೆಯ ವರ್ಷದ ಪಾಠ ಶುರುವಾಗುವ ಮೊದಲೇ ಅರಮನೆಯಿಂದ ಕರೆ ಬಂತು, ಹೊರಟೇಹೋದ. ಈಗ ಅಲ್ಲಿ ಸಂಧಿವಿಗ್ರಹಿಯ ಕೈಕೆಳಗೆ ಲಿಪಿಕಾರ. ಯಾವ ರಾಜನೊಡನೆ ಸಂಧಿ, ಯಾವ ರಾಜನೊಡನೆ ವಿಗ್ರಹ, ಅಂದರೆ ಯಾರೊಡನೆ ಸ್ನೇಹ ಯಾರೊಡನೆ ಜಗಳ ಎಂದು ನೋಡಿಕೊಳ್ಳುವ ಮಂತ್ರಿಗೆ ಸಂಧಿವಿಗ್ರಹಿ ಎನ್ನುತ್ತಿದ್ದರು.

ಆಶ್ರಮದಲ್ಲೂ ಸಂಧಿ, ವಿಗ್ರಹ ಎಂಬ ಪಾಠಗಳಿದ್ದವು. ಅಲ್ಲಿ ಅವಕ್ಕೆ ಅರ್ಥ ಬೇರೆ. ಮಾತುಗಳನ್ನು ಕೂಡಿಸುವುದು ಸಂಧಿ, ಕೂಡಿಸಿದ್ದನ್ನು ಬಿಡಿಸಿ ಅರ್ಥ ತೋರಿಸುವುದು ವಿಗ್ರಹ. ಕೂಡಿಸುವುದು ಮೂರನೆಯ ವರ್ಷದ ಪಾಠ, ಬಿಡಿಸುವುದು ನಾಲ್ಕನೆಯ ವರ್ಷದ್ದು.

ರೇಚನ ಜೊತೆಗೆ ನಾಲ್ವರು ಭಟರು ಬಂದಿದ್ದರು. ಗಾಡಿಯ ಮೇಲೆ ಆಳೆತ್ತರದ ಒಂದು ಕಲ್ಲು, ಕಲ್ಲಿನ ಪಕ್ಕ ಉಳಿ ಸುತ್ತಿಗೆ ಹಿಡಿದು ಕುಳಿತ ಕಲ್ಲುಕುಟಿಗ ಬಮ್ಮೋಜ.

ಕಲ್ಲಿನ ಮೇಲೆ ಕೆತ್ತುವ ಯಾವ ಆಜ್ಞೆಯೂ ಮೊದಲು ಸಾಂತಯ್ಯನವರ ಕೈಗೆ ಬರಬೇಕು, ಅವರು ತಿದ್ದಿ ಕೊನೆಯಲ್ಲಿ 'ಶುದ್ಧ' ಎಂದು ಬರೆಯಬೇಕು ಎಂಬುದು ಆ ಸೀಮೆಯ ಹಳೆಯ ಕಟ್ಟಳೆ. ಹಿಂದೊಮ್ಮೆ ಒಂದಕ್ಷರ ತಪ್ಪಿ, ಗುಡಿಗೆ ಬಿಟ್ಟ ಗದ್ದೆ ಗೌಡನ ಪಾಲಾಗಿತ್ತು. ಓಲೆಯ ಮೇಲಿನ ತಪ್ಪನ್ನು ಹುಳುವಾದರೂ ತಿನ್ನುತ್ತದೆ, ಕಲ್ಲಿನ ಮೇಲಿನ ತಪ್ಪನ್ನು ಮೊಮ್ಮಕ್ಕಳು ಬಾಯಿಪಾಠ ಮಾಡುತ್ತಾರೆ ಎಂದು ಗುರುಗಳು ಹೇಳುತ್ತಿದ್ದರು.

ರೇಚ ಕಾಲಿಗೆ ಬಿದ್ದು ಓಲೆ ಕೊಟ್ಟ. ಸೋಮವಾರ ಕಡವಿನಲ್ಲಿ ಕಲ್ಲು ನೆಡಬೇಕೆಂದು ಅಪ್ಪಣೆಯಾಗಿದೆ, ಬೇಗ ನೋಡಿಕೊಟ್ಟರೆ ಉಪಕಾರವಾಯಿತು ಎಂದ. ಅದು ತಪ್ಪಿದರೆ ತನ್ನ ಕೆಲಸ ಹೋಗುತ್ತದೆ ಎಂಬುದನ್ನೂ ಸೇರಿಸಿದ.

ಗುರುಗಳು ಓದಿದರು.

"ನಾಡಹಿತಕ್ಕಾಗಿ ಈ ಕಡವಿನ ಹರಿಗೋಲುಗಳನ್ನೆಲ್ಲ ಸುಡತಕ್ಕದ್ದು. ಇನ್ನು ಮುಂದೆ ಯಾರೂ ಹೊಳೆ ದಾಟಕೂಡದು. ದಾಟಿದವರು ನಾಡಿಗೆ ದ್ರೋಹಿಗಳು."

ಕಡವಿನಲ್ಲಿದ್ದದ್ದು ಒಂದೇ ಹರಿಗೋಲು, ಅಂಬಿಗರ ಕಾಳವ್ವನದು. ಒಂದಕ್ಕೆ ಬಹುವಚನ ಯಾಕೆ ಎಂದು ಗುರುಗಳು ಮೊದಲು ಅಲ್ಲಿ ಗೊಣಗಿದರು. ಆಮೇಲೆ ಓಲೆಯ ತಲೆಗೆ ಬೆರಳಿಟ್ಟರು.

"ಈ ಪದ ಬಿಡಿಸು."

"ನಾಡಿನ ಹಿತ, ನಾಡಹಿತ. ತತ್ಪುರುಷ ಸಮಾಸ, ಗುರುಗಳೇ."

"ಮೊದಲೇ ಇದು ಅರಿಸಮಾಸ. ಕನ್ನಡದ ನಾಡಿಗೆ ಸಂಸ್ಕೃತದ ಹಿತವನ್ನು ತಂದು ಕಟ್ಟಿದ್ದೀಯ."

ಅರಮನೆಯಲ್ಲಿ ಈಗ ಎಲ್ಲರ ಬಾಯಲ್ಲೂ ಇದೇ ಪದ ಎಂದು ರೇಚ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು.

"ಎಲ್ಲರೂ ಹೇಳುತ್ತಾರೆ ಅಂತ ಆ ತಪ್ಪನ್ನು ನಾನು ಬಿಟ್ಟೆ. ಹಿತ ಯಾರಿಗೆ?"

"ನಾಡಿಗೆ."

"ನಾಡಿಗೆ ಅಂದರೆ ಯಾರಿಗೆ?"

"ಎಲ್ಲರಿಗೂ."

ಗುರುಗಳು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಆ ಉಸಿರು ಶಿಷ್ಯರಿಗೆಲ್ಲ ಗೊತ್ತಿತ್ತು. ಅದಾದ ಮೇಲೆ ಏನೋ ಒಂದು ಕೆಲಸ ತಲೆಗೆ ಬೀಳುತ್ತಿತ್ತು.

"ಎಲ್ಲರನ್ನೂ ಕರೆತರಬೇಡ, ಕೂರಿಸಲು ಜಾಗ ಇಲ್ಲ. ಒಬ್ಬನನ್ನು ಕರೆದುಕೊಂಡು ಬಾ. ಈ ಹರಿಗೋಲು ಸುಟ್ಟರೆ ನನಗೆ ಹಿತ ಅಂತ ಬಾಯಿಬಿಟ್ಟು ಹೇಳುವವನು ಒಬ್ಬ ಸಿಕ್ಕರೆ ಸಾಕು. ಶುದ್ಧ ಅಂತ ಬರೆದುಕೊಡುತ್ತೇನೆ."

ಒಬ್ಬ ತಾನೆ ಎಂದುಕೊಂಡು ರೇಚ ಹೊರಟ.

ಮೊದಲು ಕುಂಬಾರನ ಮನೆಗೆ ಹೋದ. ಕುಂಬಾರ ಚಕ್ರ ನಿಲ್ಲಿಸದೆಯೇ ಕೇಳಿಸಿಕೊಂಡ. ಕೆಂಪು ಮಣ್ಣು ಇರುವುದು ಆಚೆ ದಡದಲ್ಲಿ, ಈಚೆ ಮಣ್ಣಿನ ಮಡಕೆ ಒಲೆಗಿಟ್ಟರೆ ಬಿರಿಯುತ್ತದೆ, ನಿಮ್ಮ ಹಿತ ಯಾವುದರಲ್ಲಿ ಬೇಯುತ್ತದೋ ನೀವೇ ನೋಡಿಕೊಳ್ಳಿ ಎಂದ.

ದನ ಕಾಯುವವನು ಹೊಳೆಯ ನಡುವಿನ ಹುಲ್ಲುದಿಣ್ಣೆಯನ್ನು ತೋರಿಸಿದ. ಬೇಸಿಗೆಯಲ್ಲಿ ಹುಲ್ಲಿರುವುದು ಅಲ್ಲೊಂದೇ ಕಡೆ. ದಿಣ್ಣೆಗೆ ಹೋಗುವುದೂ ಹೊಳೆ ದಾಟಿದಂತೆಯೋ, ಅರ್ಧ ದಾಟಿದಂತೆಯೋ ಎಂದು ಕೇಳಿದ.

ಬೇರೆ ದಾರಿ ಕಾಣದೆ ತನ್ನ ಜೊತೆ ಬಂದ ಭಟರನ್ನೇ ಕೇಳಿದ. ಇಬ್ಬರು ಆ ವಿಷಯ ಯೋಚಿಸಿಯೇ ಇರಲಿಲ್ಲ. ಮೂರನೆಯವನ ಹೆಂಡತಿಯ ತವರು ಆಚೆ ದಡದಲ್ಲಿತ್ತು, ಅವನು ನೆಲ ನೋಡಿದ. ನಾಲ್ಕನೆಯವನು ಅವರ ಹಿರಿಯ, ಅನುಭವಸ್ಥ.

"ಹೌದು ಅನ್ನಬೇಕಾ ಬುದ್ಧಿ? ಅನ್ನಬೇಕು ಅಂದ್ರೆ ಅಂತೀನಿ."

ಗುರುಗಳ ಮುಂದೆ ಇವನನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ನೆನೆದು ರೇಚ ಅವನನ್ನೂ ಬಿಟ್ಟ.

ಕಡೆಗೆ ಕಡವಿಗೆ ಇಳಿದ. ಕಾಳವ್ವ ಹರಿಗೋಲನ್ನು ಬೋರಲು ಹಾಕಿ ಅದರ ತೊಗಲಿಗೆ ಎಣ್ಣೆ ಹಚ್ಚುತ್ತಿದ್ದಳು. ರೇಚ ಆಶ್ರಮ ಸೇರಲು ಬಂದದ್ದೂ ಆಚೆ ದಡದಿಂದಲೇ, ಇದೇ ಹರಿಗೋಲಿನಲ್ಲಿ. ಆಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ನಡುಹೊಳೆಯಲ್ಲಿ ಹೆದರಿ ಅತ್ತವನ ತಲೆಗೆ ಕಾಳವ್ವ ತನ್ನ ಸೆರಗು ಹೊದಿಸಿದ್ದಳು.

ವಿಷಯ ಅವಳ ಕಿವಿಗೆ ಆಗಲೇ ಬಿದ್ದಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಮಗಳು ಚಂದವ್ವನನ್ನು ಆಚೆ ದಡದ ಊರಿಗೆ ಕೊಟ್ಟಿದ್ದು ರೇಚನಿಗೆ ಗೊತ್ತಿತ್ತು. ಅವಳು ಈಗ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದು ಬಿಟ್ಟರೂ ಗಂಡನ ಮನೆಯಲ್ಲಿ ಅತ್ತೆ ಇಲ್ಲ, ನಾದಿನಿ ಇಲ್ಲ, ಬಿಸಿನೀರು ಕಾಯಿಸಿ ಹಾಕುವ ಒಂದು ಹೆಣ್ಣುಜೀವ ಇಲ್ಲ. ಕರೆತರಲು ಸೋಮವಾರ ಒಳ್ಳೆಯ ದಿನ ಎಂದು ಹಿರಿಯರು ನೋಡಿ ಇಟ್ಟಿದ್ದರು.

"ಸೋಮಾರ ಬೆಳಿಗ್ಗೆ ಮಗಳನ್ನ ಕರ್ಕೊಂಡ್ ಬಂದುಬಿಡ್ತೀನಿ ರೇಚಪ್ಪ," ಎಂದಳು. "ನೀವು ಮಂಗಳವಾರ ಸುಟ್ಟುಕೊಳ್ಳಿ."

ರೇಚ ಅಪ್ಪಣೆ ಅಪ್ಪಣೆಯೇ ಎಂದ. ದಿನ ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದ. ಅವಳು ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು.

ಶನಿವಾರ ಅವನು ಗುರುಗಳ ಮುಂದೆ ಒಬ್ಬನೇ ಬಂದು ನಿಂತ. ಆದರೆ ರಾತ್ರಿಯೆಲ್ಲ ಯೋಚಿಸಿ ಒಂದು ವಾದ ಹೊಸೆದುಕೊಂಡಿದ್ದ.

"ಗುರುಗಳೇ, ನಾಡು ಅಂದರೆ ಇವರಷ್ಟೇ ಅಲ್ಲ. ಕುಂಬಾರ ಒಬ್ಬ, ದನ ಕಾಯುವವನು ಒಬ್ಬ. ನಾಡು ಇವರಿಗಿಂತ ದೊಡ್ಡದು."

"ಸರಿ. ನಾಡಿನಿಂದ ಕುಂಬಾರನನ್ನು ತೆಗಿ. ದನ ಕಾಯುವವನನ್ನು ತೆಗಿ. ಕಾಳವ್ವನನ್ನು, ಅವಳ ಮಗಳನ್ನು ತೆಗಿ. ತೆಗೆದೆಯಾ?"

"ತೆಗೆದೆ."

"ಹೀಗೆ ಹಿತ ಆಗದವರನ್ನೆಲ್ಲ ತೆಗೆಯುತ್ತಾ ಹೋಗು. ಉಳಿದದ್ದು ಕಾಣುತ್ತದೆಯೋ?"

ಉಳಿದದ್ದು ಬಹಳ ದೊಡ್ಡದಾಗಿಯೇ ಇದೆ, ಕಣ್ಣಿಗೆ ಮಾತ್ರ ಕಾಣುತ್ತಿಲ್ಲ ಎಂದು ರೇಚ ಪ್ರಾಮಾಣಿಕವಾಗಿ ಹೇಳಿದ.

"ಕಣ್ಣಿಗೆ ಕಾಣದ್ದಕ್ಕೆ ಹಿತವಾಯಿತು ಅಂತ ನಿನಗೆ ಯಾರು ಹೇಳಿದರು?"

"ಸಂಧಿವಿಗ್ರಹಿಗಳು."

"ಅವರಿಗೆ?"

"ಮೇಲಿನವರು."

"ಎತ್ತು ಈಯಿತು ಅಂದರೆ ಕರು ಕಟ್ಟಲು ಹಗ್ಗ ಹುಡುಕುವ ಜಾತಿ ನೀನು," ಎಂದು ಗುರುಗಳು ಎದ್ದು ಒಳಗೆ ಹೋದರು.

ಊಟದ ಹೊತ್ತಾಯಿತು. ರೇಚ ಕೈಕಾಲು ತೊಳೆದು ಬಂದು ಕುಳಿತ. ಅವನ ಮುಂದೆ ಎಲೆ ಇರಲಿಲ್ಲ. ಗುರುಗಳ ಎಲೆಯ ಮೇಲೆ ಎರಡು ಮುದ್ದೆಗಳಿದ್ದವು.

"ಆಶ್ರಮದ ಹಿತಕ್ಕಾಗಿ ಇವತ್ತು ನಿನಗೆ ಉಪವಾಸ," ಎಂದರು.

ಅದೆಂಥ ಹಿತ ಎಂದು ಅವನು ಕೇಳಿದ. ಆಶ್ರಮಕ್ಕೆ ತುಂಬಾ ಹಸಿವಾಗಿದೆ, ಅದು ಉಂಡು ಗಟ್ಟಿಯಾದರೆ ನಾಳೆ ನಿನಗೂ ಒಳ್ಳೆಯದಲ್ಲವೇ ಎಂದರು ಗುರುಗಳು.

"ಉಣ್ಣುತ್ತಿರುವುದು ನೀವು, ಗುರುಗಳೇ."

"ನನ್ನನ್ನು ಬಿಟ್ಟು ಆಶ್ರಮ ಅಂತ ಬೇರೆ ಇದೆಯೇನೋ? ಮುದ್ದೆ ಮೇಲೆ ಕಣ್ಣು ಹಾಕಬೇಡ. ಆಶ್ರಮದ್ರೋಹಿ ಅನ್ನಿಸಿಕೊಳ್ಳುತ್ತೀಯ."

ಅವರಿಗೆ ಎಪ್ಪತ್ತು ದಾಟಿತ್ತು. ಒಂದು ಮುದ್ದೆಯೇ ಹೆಚ್ಚು. ಎರಡನೆಯದನ್ನು ಸಾರಿನಲ್ಲಿ ಹೊರಳಿಸಿ, ಮುಖ ಕಿವುಚಿಕೊಂಡು, ನೀರು ಕುಡಿದು ಕುಡಿದು ನುಂಗಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಮಲಗಿದರು. ಹಸಿದವನು ಒಂದು ಕಡೆ ನರಳುತ್ತಿದ್ದ, ಉಂಡವರು ಇನ್ನೊಂದು ಕಡೆ ನರಳುತ್ತಿದ್ದರು.

ಭಾನುವಾರವೂ ಎಲೆ ಒಂದೇ, ಮುದ್ದೆ ಎರಡು.

ಗುರುಗಳು ಮೊದಲನೆಯದನ್ನು ಮುಗಿಸಿ ಎರಡನೆಯದಕ್ಕೆ ಕೈ ಹಾಕುವಾಗ ರೇಚನಿಗೆ ತಡೆಯಲಾಗಲಿಲ್ಲ. ಅರಮನೆಯಲ್ಲಿ ಕಲಿತ ನಯವೆಲ್ಲ ಒಂದೂವರೆ ದಿನದ ಹಸಿವಿಗೆ ಉದುರಿಹೋಯಿತು.

"ಯಾವ ನಾಡೂ ಇಲ್ಲ, ಯಾವ ಹಿತವೂ ಇಲ್ಲ. ಇಷ್ಟೆಲ್ಲ ಆದದ್ದು ಒಂದು ಎಲೆಯಿಂದ," ಎಂದ.

ಗುರುಗಳ ಕೈ ನಿಂತಿತು. ಯಾವ ಎಲೆ ಎಂದು ಕೇಳಿದರು.

ಊಟದ ಎಲೆ. ಹೋದ ತಿಂಗಳು ಆಚೆ ದಡದ ರಾಜನ ಮನೆಯಲ್ಲಿ ಮದುವೆ. ಇಲ್ಲಿಂದ ನಾಡಿನ ಪರವಾಗಿ ಹೋದವನು ರಾಜನ ಭಾವಮೈದುನ. ಅವನು ಹಿಂದಿನ ದಿನದ ಬೇಟೆಯ ಆಯಾಸಕ್ಕೆ ಮಲಗಿಬಿಟ್ಟಿದ್ದ, ಎದ್ದು ಹೋಗುವಷ್ಟರಲ್ಲಿ ಮೊದಲ ಪಂಕ್ತಿ ಕುಳಿತಾಗಿತ್ತು. ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದರು. ಅವನು ಬಂದು ಅಕ್ಕನ ಮುಂದೆ ಹೇಳಿಕೊಂಡ. ಅಕ್ಕ ರಾಜನಿಗೆ ಹೇಳಿದಳು. ನಾಡಿಗೇ ಅವಮಾನವಾಯಿತು ಎಂದು ರಾಜ ಹೇಳಿದ. ಇನ್ನು ಆಚೆ ದಡದ ಮುಖ ನೋಡಕೂಡದು ಎಂದು ತೀರ್ಮಾನವಾಯಿತು.

"ಎರಡನೆಯ ಪಂಕ್ತಿಯಲ್ಲಿ ಅವನು ಉಂಡನೋ, ಎದ್ದು ಬಂದನೋ?"

"ಉಂಡರು. ಎಂಟು ಹೋಳಿಗೆ ಹಾಕಿಸಿಕೊಂಡರಂತೆ."

"ಅದರಲ್ಲಿ ನಾಡಿಗೆ ಅಂತ ಒಂದಾದರೂ ತಂದನೋ?"

"ಇಲ್ಲ, ಗುರುಗಳೇ."

"ಹೋಳಿಗೆ ಎಂಟೂ ಅವನಿಗೆ. ಅವಮಾನ ಮಾತ್ರ ನಾಡಿಗೆ." ಗುರುಗಳು ಎಡಗೈಯಲ್ಲಿ ಹಣೆ ಚಚ್ಚಿಕೊಂಡರು. "ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅದೂ ಬಸುರಿ ಎಮ್ಮೆಗೆ."

ಆಮೇಲೆ ಗುರುಗಳು, ಇಷ್ಟು ಗೊತ್ತಿದ್ದವನು ಓಲೆಯಲ್ಲಿ ಆ ಪದ ಹೇಗೆ ಬರೆದೆ ಎಂದು ಕೇಳಿದರು.

ರೇಚ ತಲೆ ತಗ್ಗಿಸಿದ. ಆ ಪದ ಕೂಡಿಸಿದವನೇ ತಾನು ಎಂದು ಒಪ್ಪಿಕೊಂಡ. ಎಲೆಯ ಸಂಗತಿಯನ್ನು ಹಾಗೇ ಕೆತ್ತಿಸಿದರೆ ದಾರಿಯಲ್ಲಿ ಹೋಗುವವರು ನಗುತ್ತಾರೆ, ಏನಾದರೂ ಗಂಭೀರವಾದದ್ದು ಬರೆ ಎಂದು ಸಂಧಿವಿಗ್ರಹಿ ಹೇಳಿದ್ದ. ನ್ಯಾಯ, ಮಾನ, ಧರ್ಮ ಎಲ್ಲವನ್ನೂ ಬರೆದು ನೋಡಿದ, ಯಾವುದೂ ಒಪ್ಪಲಿಲ್ಲ. ಕೊನೆಗೆ ಎರಡು ಸಣ್ಣ ಮಾತುಗಳನ್ನು ಕೂಡಿಸಿದ. ಕೂಡಿಸಿ ಗಟ್ಟಿಯಾಗಿ ಓದಿದಾಗ ಬಾಗಿಲಲ್ಲಿ ತೂಕಡಿಸುತ್ತಿದ್ದ ಭಟ ಎದ್ದು ನೆಟ್ಟಗೆ ನಿಂತ. ಆಗ ಇದೇ ಸರಿಯಾದ ಪದ ಎಂದು ಅವನಿಗೆ ಅನಿಸಿತ್ತು.

ಗುರುಗಳಿಗೆ ಈಗ ರೇಗಬೇಕಿತ್ತು. ರೇಗಲಿಲ್ಲ. ಮುಖದಲ್ಲಿ ಬೇಸರವೇ ಹೆಚ್ಚಾಗಿತ್ತು.

"ತಪ್ಪು ನನ್ನದು," ಎಂದರು. "ಕೂಡಿಸುವುದನ್ನು ಮೊದಲು ಕಲಿಸಿ, ಬಿಡಿಸುವುದನ್ನು ಮುಂದಿನ ವರ್ಷಕ್ಕೆ ಇಟ್ಟೆ. ನಿನ್ನಂಥವರು ಅಷ್ಟರಲ್ಲೇ ಹೋಗಿಬಿಡುತ್ತೀರಿ. ಅರ್ಧ ಕಲಿತವನಿಗೇ ಅರಮನೆಯಲ್ಲಿ ಕೆಲಸ ಬೇಗ ಸಿಗುತ್ತದೆ."

ಎರಡನೆಯ ಮುದ್ದೆಯನ್ನು ಬೇರೆ ಎಲೆಗೆ ಹಾಕಿ ಅವನ ಮುಂದೆ ತಳ್ಳಿದರು. ರೇಚ ಗಬಗಬ ತಿಂದ. ತಿಂದು ಮುಗಿಸುವವರೆಗೆ ಕಾದು, ಅವನನ್ನು ಹೊಳೆಯ ಮರಳಿನ ಮೇಲೆ ಕರೆದುಕೊಂಡು ಹೋದರು. ನಾಲ್ಕನೆಯ ವರ್ಷದ ಮೊದಲ ಪಾಠ ಇವತ್ತಾದರೂ ಕೇಳು ಎಂದರು. ಬೆರಳಿನಿಂದ ಮರಳಿನ ಮೇಲೆ ಬರೆದರು.

"ಮನೆಯ, ಅಂಗಳ. ಕೂಡಿಸಿದರೆ?"

"ಮನೆಯಂಗಳ."

"ಎರಡು ಅಕಾರ ಇದ್ದವು. ಈಗ ಒಂದೇ ಇದೆ. ಇನ್ನೊಂದು ಎಲ್ಲಿ ಹೋಯಿತು?"

"ಲೋಪವಾಯಿತು. ಲೋಪಸಂಧಿ, ಗುರುಗಳೇ." ಇದು ಮೂರನೆಯ ವರ್ಷದ್ದೇ ಆದ್ದರಿಂದ ಅವನಿಗೆ ಬರುತ್ತಿತ್ತು.

"ಕಣ್ಣಿಗೆ ಕಾಣುವ ಅಕ್ಷರ ಓದುವವನು ಲಿಪಿಕಾರ. ನುಂಗಿಹೋದ ಅಕ್ಷರವನ್ನು ಓದಲು ಬಂದ ದಿನ ವ್ಯಾಕರಣ ಕಲಿತೆ ಅನ್ನು."

ಅಷ್ಟು ಹೇಳಿ ಎದ್ದುಹೋದರು. ಪಾಠ ಇಷ್ಟೇನಾ ಎಂದು ರೇಚ ಸ್ವಲ್ಪ ಹೊತ್ತು ಕುಳಿತೇ ಇದ್ದ.

ಸೋಮವಾರ ಬಿಸಿಲೇರುವ ಹೊತ್ತಿಗೆ ಭಟರ ಹಿರಿಯ ಕಡವಿನಲ್ಲಿ ಗುಂಡಿ ತೋಡಿಸಿ ಸಿದ್ಧವಾಗಿದ್ದ. ಕಲ್ಲನ್ನು ಗಾಡಿಯಿಂದ ಇಳಿಸಿ ಗುಂಡಿಯ ಪಕ್ಕ ಒರಗಿಸಿದ್ದರು. ಅದರ ಮೇಲೆ ಇನ್ನೂ ಒಂದು ಗೀರೂ ಬಿದ್ದಿರಲಿಲ್ಲ.

ರೇಚ ಓಲೆ ಹಿಡಿದುಕೊಂಡು ನಿಂತಿದ್ದ. ಗುರುಗಳು ಅಷ್ಟು ದೂರದಲ್ಲಿ ಒಂದು ಬಂಡೆಯ ಮೇಲೆ ಕುಳಿತು ಬೇವಿನ ಕಡ್ಡಿಯಲ್ಲಿ ಹಲ್ಲು ಉಜ್ಜುತ್ತಿದ್ದರು.

ಹೊಳೆಯ ನಡುವೆ ಹರಿಗೋಲು ಬರುತ್ತಿತ್ತು. ಕಾಳವ್ವ ನಿಂತು ಹುಟ್ಟು ಹಾಕುತ್ತಿದ್ದಳು. ಮಗಳು ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಳು. ಹರಿಗೋಲು ಅದರ ಸ್ವಭಾವದಂತೆ ಸುತ್ತುತ್ತಾ ಸುತ್ತುತ್ತಾ ಬರುತ್ತಿತ್ತು, ಅವಸರವೇ ಇರಲಿಲ್ಲ.

"ಕಲ್ಲು ನೆಟ್ಟು ಅಪ್ಪಣೆ ಓದಿಬಿಡಿ ಬುದ್ಧಿ," ಎಂದ ಭಟರ ಹಿರಿಯ. "ಗುರುಗಳ 'ಶುದ್ಧ' ಬಂದ್ಮೇಲೆ ಅಕ್ಷರ ಕೆತ್ತಿಕೊಳ್ಳಲಿ. ಹರಿಗೋಲು ತಾನಾಗೇ ಬರ್ತಾ ಐತೆ, ಸುಟ್ಟರಾಯ್ತು. ಒಳಗಿರೋರನ್ನ ಹಿಡ್ಕೊಂಡ್ರಾಯ್ತು."

ಕಲ್ಲು ನೆಟ್ಟು ಓದಿದ ಗಳಿಗೆಯಿಂದ ಅಪ್ಪಣೆ ಜಾರಿ. ದಾಟಿದವರು ದ್ರೋಹಿಗಳು. ಆ ಸಾಲನ್ನೂ ಬರೆದವನು ರೇಚನೇ. ದ್ರೋಹಿ ಎಂದು ಬರೆಯುವಾಗ ಅವನ ಕಣ್ಣ ಮುಂದೆ ಕತ್ತಿ ಹಿಡಿದ ಮೀಸೆಯವರು ಬಂದಿದ್ದರು, ಬಟ್ಟೆಯ ಗಂಟು ಹಿಡಿದ ಬಸುರಿ ಬಂದಿರಲಿಲ್ಲ.

ಅವನು ಗುರುಗಳ ಕಡೆ ನೋಡಿದ. ಎಲ್ಲದಕ್ಕೂ ಬೈಯುವ ಮನುಷ್ಯ ಈಗ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಸುಮ್ಮನಿದ್ದರು. ರೇಚನಿಗೆ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ನೆಡುವ ಹಾಗಿಲ್ಲ," ಎಂದ. "ಇನ್ನೂ ವಿಗ್ರಹ ಆಗಿಲ್ಲ."

ಅವನು ಹೇಳಿದ್ದು ವ್ಯಾಕರಣದ ವಿಗ್ರಹ, ಪದ ಬಿಡಿಸುವುದು. ಭಟರ ಹಿರಿಯನಿಗೆ ಗೊತ್ತಿದ್ದದ್ದು ಕಲ್ಲಿನ ವಿಗ್ರಹ. ಅವನು ಕಲ್ಲಿನ ತಲೆಯ ಕಡೆ ನೋಡಿದ. ರಾಜನ ಕಲ್ಲು ಎಂದ ಮೇಲೆ ಮೇಲ್ಗಡೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಇರಲೇಬೇಕು. ಇಲ್ಲಿ ನುಣ್ಣಗೆ ಬೋಳು. ಮೂರು ದಿನದಿಂದ ಕೂತು ಏನು ಮಾಡುತ್ತಿದ್ದೆ ಎಂದು ಅವನು ಬಮ್ಮೋಜನಿಗೆ ಬೈದ. ವಿಗ್ರಹ ಇಲ್ಲದ ಕಲ್ಲು ನೆಟ್ಟರೆ ರಾಜನಿಗೆ ಕೇಡು, ತನ್ನ ತಲೆಗೂ ಕೇಡು ಎಂದು ಹೆದರಿದ.

ಬಮ್ಮೋಜ ರೇಚನ ಮುಖ ನೋಡಿದ, ಹೊಳೆ ನೋಡಿದ, ಉಳಿ ಎತ್ತಿಕೊಂಡ. ಸೂರ್ಯನಿಂದ ಶುರುಮಾಡಿದ. ಅಷ್ಟು ನಿಧಾನವಾಗಿ ಅವನು ಸೂರ್ಯನನ್ನು ಕೆತ್ತಿದ್ದು ಹಿಂದೆಂದೂ ಇಲ್ಲ.

ಸೂರ್ಯನ ಅಂಚು ದುಂಡಗಾಗುವ ಮೊದಲೇ ಹರಿಗೋಲು ದಡ ಮುಟ್ಟಿತು. ಆಚೆ ದಡದಲ್ಲಿ ಹೆಂಡತಿಯ ತವರಿದ್ದ ಭಟ ಯಾರೂ ಹೇಳದೆಯೇ ನೀರಿಗಿಳಿದು ಚಂದವ್ವನ ಕೈ ಹಿಡಿದು ಇಳಿಸಿದ. ಅವಳು ಭಟರನ್ನು, ಗುಂಡಿಯನ್ನು, ಕಲ್ಲನ್ನು ನೋಡಿ ಇವತ್ತೇನು ಹಬ್ಬವಾ ಎಂದು ಕೇಳಿದಳು. ಗುರುಗಳ ಕಾಲು ಮುಟ್ಟಲು ಬಗ್ಗಹೋದಳು. ಬಗ್ಗಬೇಡ, ಹೋಗಿ ಮಲಗು, ಹೊಟ್ಟೆಯಲ್ಲಿರುವುದಕ್ಕೂ ನಿನಗಿರುವಷ್ಟೇ ಬುದ್ಧಿ ಬಂದರೆ ಕಷ್ಟ ಎಂದು ಗುರುಗಳು ಗದರಿದರು.

ಮಗಳು ಮೆಲ್ಲಗೆ ದಿಬ್ಬ ಹತ್ತಿ ಮನೆಯ ಕಡೆ ಹೋದಳು. ಕಾಳವ್ವ ಹರಿಗೋಲನ್ನು ಎಳೆದು ಬೋರಲು ಹಾಕಿ ರೇಚನ ಹತ್ತಿರ ಬಂದಳು.

"ನನ್ನ ಕೆಲಸ ಆಯ್ತು ರೇಚಪ್ಪ. ಸುಡೋದಿದ್ರೆ ಸುಡಿ. ಬಾಣಂತನ ಮುಗಿದ ಮೇಲೆ ಕೂಸನ್ನ ಅಪ್ಪನ ಮನೆಗೆ ಹೆಂಗೆ ಕಳಿಸೋದು ಅಂತ ಮಾತ್ರ ಹೇಳಿಬಿಡು."

ಒಲೆ ಹಚ್ಚಬೇಕೆಂದು ಅವಳು ಉತ್ತರಕ್ಕೆ ಕಾಯದೆ ಹೋದಳು.

ರೇಚ ಮರಳಿನ ಮೇಲೆ ಕುಳಿತುಬಿಟ್ಟ. ಒಂದು ಬೆಳಗು ತಪ್ಪಿಸಿದ್ದಾಯಿತು. ಬಮ್ಮೋಜ ಎಷ್ಟು ನಿಧಾನ ಮಾಡಿದರೂ ಚಂದ್ರ, ಹಸು, ಕರು ಮುಗಿಯಲೇಬೇಕು. ತಾನು ಓಡಿಹೋದರೆ ಇನ್ನೊಬ್ಬ ಲಿಪಿಕಾರ ಬರುತ್ತಾನೆ, ಓಲೆ ಇದೇ, ಪದ ಇದೇ. ಅಳು ಬಂದಂತಾಯಿತು.

ಎದುರಿಗೆ ಮರಳಿನ ಮೇಲೆ ನಿನ್ನೆಯ 'ಮನೆಯಂಗಳ' ಅರ್ಧ ಅಳಿಸಿ ಉಳಿದಿತ್ತು. ಅದರ ಕೆಳಗೆ ಅವನು 'ನಾಡಹಿತ' ಎಂದು ಬರೆದ. ತಾನೇ ಕೂಡಿಸಿದ ಪದ. ಎಷ್ಟೋ ಹೊತ್ತು ಅದನ್ನೇ ನೋಡಿದ. ಮನೆಯ, ಅಂಗಳ. ಎರಡು ಅಕಾರ, ಒಂದು ಲೋಪ.

ಅವನ ಬೆರಳು ತಾನಾಗಿಯೇ ಎಂಬಂತೆ ಕೆಳಗಿನ ಸಾಲಿಗೆ ಇಳಿಯಿತು. 'ನಾಡ' ಎಂದು ಬರೆದು ಸ್ವಲ್ಪ ಜಾಗ ಬಿಟ್ಟ. ಆಮೇಲೆ 'ಅಹಿತ' ಎಂದು ಬರೆದ.

"ಗುರುಗಳೇ," ಎಂದು ಕೂಗಿದ.

ಗುರುಗಳು ಬಾಯಿ ಮುಕ್ಕಳಿಸಿ ಬಂದು ಅವನ ಹಿಂದೆ ನಿಂತರು.

"ನಾಡ ಅಹಿತ, ನಾಡಹಿತ. ಲೋಪಸಂಧಿ. ಅಕಾರ ನುಂಗಿಹೋಗಿದೆ." ರೇಚ ಎರಡು ಪದಗಳ ನಡುವಿನ ಜಾಗಕ್ಕೆ ಬೆರಳಿಟ್ಟ. "ನಾನು ಬಿಡಿಸಿದ ಕಡೆಯೇ ತಪ್ಪಿತ್ತು. ನಾಡಿಗೆ ಅಹಿತವಾಗಲಿ ಅಂತಲೇ ಬರೆದಿದ್ದೆ, ನನಗೇ ಗೊತ್ತಿರಲಿಲ್ಲ."

ಗುರುಗಳು ಮರಳು ನೋಡಿದರು, ಶಿಷ್ಯನನ್ನು ನೋಡಿದರು. ಆ ಮೂರು ದಿನದಲ್ಲಿ ಮೊದಲ ಸಲ ಅವರ ಹುಬ್ಬು ಸಡಿಲವಾಯಿತು. ಓಲೆ ಕೊಡು ಎಂದರು, ಕಂಟ ಕೊಡು ಎಂದರು. ರೇಚ ಬರೆಯುವ ಕಬ್ಬಿಣದ ಕಂಟವನ್ನೂ ಓಲೆಯನ್ನೂ ಕೊಟ್ಟ. 'ನಾಡ' ಮತ್ತು 'ಹಿತ'ದ ನಡುವೆ, ಮೇಲ್ಗಡೆ, ಅವರು ಒಂದೇ ಒಂದು 'ಅ' ಸೇರಿಸಿದರು. ಓಲೆಯ ಕೊನೆಯಲ್ಲಿ ದುಂಡಗೆ 'ಶುದ್ಧ' ಎಂದು ಬರೆದರು.

ರೇಚ ತಿದ್ದಿದ ಓಲೆಯನ್ನು ಓದಿದ. ನಾಡ ಅಹಿತಕ್ಕಾಗಿ ಈ ಕಡವಿನ ಹರಿಗೋಲುಗಳನ್ನೆಲ್ಲ ಸುಡತಕ್ಕದ್ದು. ಈಗ ಇದನ್ನು ಕೆತ್ತಿಸುವ ಹಾಗಿಲ್ಲ. ಗುರುಗಳು ಶುದ್ಧ ಎಂದು ಬರೆದ ಮೇಲೆ ಇನ್ನೊಂದನ್ನು ಕೆತ್ತಿಸುವ ಹಾಗೂ ಇಲ್ಲ. ರಾಜನ ಮುಂದೆ ಇಟ್ಟು ಅವನ ಬಾಯಿಂದಲೇ ಏನೆಂದು ಕೇಳಿಕೊಂಡು ಬರಬೇಕು. ಅಲ್ಲಿಯವರೆಗೆ ಕಲ್ಲು ನೆಡುವಂತಿಲ್ಲ, ಹರಿಗೋಲು ಮುಟ್ಟುವಂತಿಲ್ಲ ಎಂದು ಅವನು ಭಟರಿಗೆ ಹೇಳಿದ. ಭಟರ ಹಿರಿಯ, ಹಸು ಇನ್ನೂ ಶುರುವಾಗಿಲ್ಲ, ನಿಧಾನಕ್ಕೆ ಹೋಗಿಬನ್ನಿ ಎಂದ.

ಒಯ್ಯುವವನು ತಾನೇ. ಅದು ಬೇರೆಯವರಿಗೆ ಒಪ್ಪಿಸುವ ಕೆಲಸವಲ್ಲ ಎಂದು ರೇಚನಿಗೆ ಅನಿಸಿತ್ತು. ಕೆಲಸವಂತೂ ಹೋಗುತ್ತದೆ, ತಲೆ ಉಳಿದರೆ ದೊಡ್ಡದು. ಓಲೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಗುರುಗಳ ಕಾಲಿಗೆ ಬಿದ್ದು ಎದ್ದ.

"ಇದೇನು ತಿದ್ದಿದ್ದು ಅಂತ ರಾಜರು ಕೇಳಿದರೆ ಏನು ಹೇಳಲಿ, ಗುರುಗಳೇ?"

"ಒಂದಕ್ಷರ ಲೋಪವಾಗಿತ್ತು, ಸೇರಿಸಿದ್ದೇವೆ ಅಂತ ಹೇಳು. ಬೇಡ ಅಂದರೆ ಅವರೇ ತೆಗೆದುಕೊಳ್ಳಲಿ. ತೆಗೆದರೂ ಅರ್ಥ ಅದೇ."